ಸೊಂಟ ಹಿಡಿದುಕೊಂಡಾಗ ಏಳುವುದು ಹೇಗೆ, ನಡೆಯುವುದು ಹೇಗೆ?

ಸೊಂಟ ಹಿಡಿದುಕೊಂಡ ಮೊದಲ ದಿನ ಯಾರೂ ಅಷ್ಟೇನೂ ತಪ್ಪು ಮಾಡುವುದಿಲ್ಲ. ನೋವೇ ಮಲಗಿಸುತ್ತದೆ. ಎಡವಟ್ಟು ಶುರುವಾಗುವುದು ಎರಡು ದಿನ ಕಳೆದ ಮೇಲೆ. ಕೆಲವರು ಹಾಸಿಗೆ ಬಿಡುವುದೇ ಇಲ್ಲ. ಇನ್ನು ಕೆಲವರು ಮಾತ್ರೆ ನುಂಗಿ, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗ್ ಏರಿಸಿ ಫಾಸ್ಟ್ ಲೋಕಲ್ ರೈಲಿಗೆ ಓಡುತ್ತಾರೆ. ಮುಂಬೈ ಪಕ್ಕದ ಡೊಂಬಿವಲಿ, ಠಾಣೆ ಕಡೆಯ ನಮ್ಮ ಕನ್ನಡಿಗರಿಗೆ ಫಿಸಿಯೋಥೆರಪಿ ಮಾಡುವಾಗ ನಾನು ನೋಡುವುದು ಹೆಚ್ಚಾಗಿ ಈ ಎರಡು ಥರದವರನ್ನೇ.

ಮೊದಲು ಇದನ್ನು ನೋಡಿಕೊಳ್ಳಿ

ಮೂತ್ರ ಕಟ್ಟಿಕೊಂಡಿದೆಯಾ, ಅಥವಾ ಗೊತ್ತಿಲ್ಲದೆ ಹೋಗುತ್ತಿದೆಯಾ? ಮಲದ ಹಿಡಿತ ತಪ್ಪಿದೆಯಾ? ತೊಡೆಸಂದು, ಗುದದ ಸುತ್ತ ಜೋಮು ಹಿಡಿದಿದೆಯಾ? ಕಾಲಿನ ಬಲ ಕಡಿಮೆಯಾಗುತ್ತಿದೆಯಾ? ಇದರಲ್ಲಿ ಒಂದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಿ. ಬಿದ್ದ ಮೇಲೆ ಬಂದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರ ನೋವು, ಜ್ವರದ ಜೊತೆಗಿನ ನೋವು ಇವನ್ನೂ ಡಾಕ್ಟರಿಗೆ ತೋರಿಸಲೇಬೇಕು. ಟಿಬಿ ಅಂದರೆ ಬರೀ ಕೆಮ್ಮಲ್ಲ, ಅದು ಬೆನ್ನುಮೂಳೆಗೂ ಬರುತ್ತದೆ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ಮುಲಾಮು ಹಚ್ಚುತ್ತ ಕೂರಬೇಡಿ.

ಇವು ಯಾವುವೂ ಇಲ್ಲವಾ? ಹಾಗಾದರೆ ಧೈರ್ಯವಾಗಿರಿ. ಸೊಂಟನೋವಿನಲ್ಲಿ ನೂರಕ್ಕೆ ಸುಮಾರು 90 ಪ್ರಕರಣಗಳಲ್ಲಿ ಇಂಥದ್ದೇ ಜಾಗ ಕೆಟ್ಟಿದೆ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಹೊಸದಾಗಿ ಬಂದ ನೋವು ಬಹುತೇಕ ಜನರಲ್ಲಿ ಆರು ವಾರದೊಳಗೆ ಸಾಕಷ್ಟು ಇಳಿಯುತ್ತದೆ.

ಎಂಆರ್‌ಐ ಮಾಡಿಸಲು ಅವಸರ ಬೇಡ. ರಿಪೋರ್ಟಿನಲ್ಲಿ ‘ಡಿಸ್ಕ್ ಬಲ್ಜ್’ (ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ) ಅಂತ ಓದಿದ್ದೇ ತಡ, ‘ನಸ್ ದಬ್ ಗಯೀ’ (ನರ ಒತ್ತಿಕೊಂಡಿದೆ) ಅಂತ ಇಡೀ ಬಿಲ್ಡಿಂಗಿಗೆ ಸುದ್ದಿ ಹಬ್ಬುತ್ತದೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ ನೋಡಿದ ಅಧ್ಯಯನವೊಂದು 2015ರಲ್ಲಿ ಬಂತು. ಅದರಲ್ಲಿ 20ರ ವಯಸ್ಸಿನವರಲ್ಲೇ ಶೇಕಡಾ 30 ಜನರಿಗೆ ಡಿಸ್ಕ್ ಉಬ್ಬಿತ್ತು, 80ರ ವಯಸ್ಸಿನವರಲ್ಲಿ ಶೇಕಡಾ 84 ಜನರಿಗೆ. ಅಂದಮೇಲೆ ಉಬ್ಬು ಕಂಡಿತು ಅಂದ ಮಾತ್ರಕ್ಕೆ ನೋವಿಗೆ ಅದೇ ಕಾರಣ ಅನ್ನಲಾಗದು. ಇನ್ನು ಡಿಸ್ಕ್ ‘ಜಾರುವುದು’ ಎಂಬುದೇ ಇಲ್ಲ. ಅದು ಎರಡು ಮೂಳೆಗಳಿಗೂ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ.

ಮೊದಲ ಎರಡು ದಿನ

ಬಿಸಿನೀರಿನ ಚೀಲ ಇಟ್ಟುಕೊಳ್ಳಿ, ಸುಖವೆನಿಸಿದ ಭಂಗಿಯಲ್ಲಿ ಮಲಗಿ, ನಡುನಡುವೆ ಎದ್ದು ಓಡಾಡಿ. ಇಷ್ಟೇ.

ನೆಲದ ಹಾಸಿಗೆಯಿಂದ ಏಳುವುದು

ಕೆಡುವುದು ಇಲ್ಲಿ. ಒಂದೇ ಕೋಣೆಯ ಮನೆಗಳಲ್ಲಿ ರಾತ್ರಿ ಗಾದಿ ಹಾಸಿ ಮಲಗುವವರೇ ಜಾಸ್ತಿ ಅಲ್ವಾ? ಬೆಳಿಗ್ಗೆ ಏನಾಗುತ್ತದೆ ಅಂದರೆ, ನೋವಿರುವವರು ಅಂಗಾತ ಮಲಗಿದಲ್ಲಿಂದಲೇ ತಲೆ ಎತ್ತಿ ಎದ್ದು ಕೂರಲು ನೋಡುತ್ತಾರೆ. ಆಗದೆ ಕೂಗುತ್ತಾರೆ. ಮಗ ಬಂದು ಎರಡೂ ಕೈ ಹಿಡಿದು ಎಳೆಯುತ್ತಾನೆ, ಸೊಸೆ ಕಂಕುಳಿಗೆ ಕೈ ಹಾಕುತ್ತಾಳೆ. ಸೊಂಟ ಮತ್ತೆ ಹಿಡಿದುಕೊಳ್ಳುತ್ತದೆ. ದಯವಿಟ್ಟು ಯಾರೂ ಎಳೆಯಬೇಡಿ. ನಿಮ್ಮ ಕೆಲಸ ಕುರ್ಚಿ ಹಿಡಿದುಕೊಳ್ಳುವುದು ಮಾತ್ರ.

ಎಚ್ಚರವಾದ ತಕ್ಷಣ ಏಳಬೇಡಿ. ಅಂಗಾತ ಮಲಗಿಯೇ ಎರಡೂ ಮಂಡಿ ಮಡಿಸಿ ಪಾದ ಊರಿ. ಮಂಡಿಗಳನ್ನು ಎಡಕ್ಕೆ, ಬಲಕ್ಕೆ ಸ್ವಲ್ಪ ಸ್ವಲ್ಪ ವಾಲಿಸಿ. ನೋವು ಬರುವ ಜಾಗಕ್ಕೆ ಮುಂಚೆಯೇ ನಿಲ್ಲಿಸಿ ವಾಪಸ್ ತನ್ನಿ. ಎರಡು ನಿಮಿಷ ಹೀಗೆ ಮಾಡಿದರೆ ಬಿಗಿ ಸಡಿಲವಾಗುತ್ತದೆ.

ಆಮೇಲೆ ನೋವು ಕಡಿಮೆ ಇರುವ ಮಗ್ಗುಲಿಗೆ ಹೊರಳಿ. ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೇ ಹೊರಳಬೇಕು, ಮರದ ದಿಮ್ಮಿ ಉರುಳಿದ ಹಾಗೆ. ಭುಜ ಮೊದಲು ತಿರುಗಿ ಸೊಂಟ ಹಿಂದೆ ಉಳಿದರೆ ಆ ತಿರುಚುವಿಕೆಯೇ ಕುಟುಕುತ್ತದೆ.

ಮಗ್ಗುಲಾದ ಮೇಲೆ ಮಂಡಿಗಳನ್ನು ಹೊಟ್ಟೆಯ ಕಡೆಗೆ ಎಳೆದುಕೊಳ್ಳಿ. ಮೇಲಿನ ಅಂಗೈಯನ್ನು ಎದೆಯ ಮುಂದೆ ನೆಲಕ್ಕೆ ಊರಿ, ಕೆಳಗಿನ ಮೊಣಕೈಯನ್ನೂ ಊರಿ. ಈಗ ಉಸಿರು ಬಿಡುತ್ತ ನೆಲವನ್ನು ಒತ್ತಿ ಮೇಲೆ ಬನ್ನಿ. ಎಲ್ಲರೂ ಇಲ್ಲಿ ಉಸಿರು ಬಿಗಿ ಹಿಡಿಯುತ್ತಾರೆ. ಹಿಡಿಯಬೇಡಿ, ಬೇಕಾದರೆ ಜೋರಾಗಿ ಎಣಿಸಿ. ಮಂಚದ ಮೇಲೆ ಮಲಗುವವರಾದರೆ ಇದೇ ಹೊತ್ತಿಗೆ ಎರಡೂ ಕಾಲನ್ನು ಕೆಳಗೆ ಇಳಿಬಿಡಿ, ಕಾಲಿನ ಭಾರವೇ ಮೈಯನ್ನು ಮೇಲೆತ್ತುತ್ತದೆ. ಅವರ ಕೆಲಸ ಅಲ್ಲಿಗೆ ಮುಗಿಯಿತು.

ನೆಲದವರಿಗೆ ಇನ್ನೂ ಇದೆ. ಕೈ, ಮಂಡಿ ಊರಿ ಅಂಬೆಗಾಲಿಗೆ ಬನ್ನಿ. ಹಾಗೇ ಅರ್ಧ ನಿಮಿಷ ಇರಿ. ಬೆನ್ನನ್ನು ನಿಧಾನಕ್ಕೆ ಮೇಲಕ್ಕೆ ಉಬ್ಬಿಸಿ, ಕೆಳಕ್ಕೆ ಬಿಡಿ. ಪಕ್ಕದಲ್ಲಿ ಗೋಡೆಗೆ ತಾಗಿಸಿ ಇಟ್ಟ ಮರದ ಅಥವಾ ಕಬ್ಬಿಣದ ಕುರ್ಚಿ ಇರಲಿ. ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ, ಟೈಲ್ಸ್ ಮೇಲೆ ಜಾರಿ ನಿಮ್ಮನ್ನೂ ಬೀಳಿಸುತ್ತದೆ. ಕುರ್ಚಿಯ ಮೇಲೆ ಎರಡೂ ಕೈ ಊರಿ, ನೋವಿಲ್ಲದ ಕಡೆಯ ಪಾದವನ್ನು ಮುಂದಿಡಿ. ಕೈ ಮತ್ತು ಆ ಕಾಲನ್ನು ಒತ್ತಿ ಎದ್ದು ನಿಲ್ಲಿ. ನಿಂತ ಕೂಡಲೇ ಹೆಜ್ಜೆ ಹಾಕಬೇಡಿ. ಎರಡೂ ಕಾಲಿನ ಮೇಲೆ ಭಾರ ಸಮನಾಗಲಿ, ಆಮೇಲೆ ಬಾತ್‌ರೂಮಿನ ಕಡೆ ಹೊರಡಿ.

ರಾತ್ರಿ ಮಲಗುವಾಗ ಇದನ್ನೇ ಹಿಂದುಮುಂದಾಗಿ ಮಾಡಿ.

ಗಟ್ಟಿ ನೆಲದ ಮೇಲೆ ಮಲಗಿದರೆ ಬೆನ್ನು ಸರಿಹೋಗುತ್ತದೆ ಅಂತ ಊರಿಂದ ಫೋನ್ ಬರುತ್ತದೆ. 2003ರಲ್ಲಿ ಸ್ಪೇನ್‌ನಲ್ಲಿ, ಬಹಳ ದಿನದಿಂದ ಸೊಂಟನೋವಿದ್ದ 313 ಜನರಿಗೆ ಹಾಸಿಗೆ ಕೊಟ್ಟು ಪರೀಕ್ಷಿಸಿದರು. ತುಂಬಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದ್ದೇ ಒಳ್ಳೆಯದು ಅಂತ ಕಂಡಿತು. ಆದರೆ ಅಯಸ್ಕಾಂತದ ಗಾದಿ ಮಾರಲು ಬರುವ ಪರಿಚಯದವರಿಗೆ ಚಹಾ ಕೊಟ್ಟು ಕಳಿಸಿ, ದುಡ್ಡು ಕೊಡಬೇಡಿ.

ನಡಿಗೆ

ಮೊದಲು ಮನೆಯೊಳಗೆ ಐದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಆಮೇಲೆ ಸೊಸೈಟಿಯ ಕಾಂಪೌಂಡಿನಲ್ಲಿ ಹತ್ತು ನಿಮಿಷ. ನಡೆಯುವಾಗ ನೋವು ಸ್ವಲ್ಪ ಜಾಸ್ತಿಯಾದರೆ ಹೆದರಬೇಡಿ. ಮರುದಿನ ಬೆಳಿಗ್ಗೆ ಮೊದಲಿನಷ್ಟೇ ಇದ್ದರೆ ಸರಿ. ಜಾಸ್ತಿಯೇ ಉಳಿದಿದ್ದರೆ ಆ ದಿನ ಅರ್ಧ ನಡೆಯಿರಿ. ನಿಲ್ಲಿಸಬೇಡಿ.

ವಾಸಿಯಾದ ಮೇಲೆಯೂ ನಡಿಗೆ ಬಿಡಬೇಡಿ. ಆಸ್ಟ್ರೇಲಿಯಾದಲ್ಲಿ ಸೊಂಟನೋವಿನಿಂದ ಚೇತರಿಸಿಕೊಂಡ 701 ಜನರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯುವ ಮಟ್ಟಕ್ಕೆ ಅವರನ್ನು ನಿಧಾನವಾಗಿ ತಂದರು. ನಡೆದವರಿಗೆ ನೋವು ಮರಳಲು ಸಾಧಾರಣವಾಗಿ 208 ದಿನ ಹಿಡಿಯಿತು, ಉಳಿದವರಿಗೆ 112. ಖರ್ಚು ಒಂದು ಜೊತೆ ಶೂ ಅಷ್ಟೇ.

ಸೊಂಟಕ್ಕೆ ಕಟ್ಟುವ ಬೆಲ್ಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ದೀರ್ಘಕಾಲದ ಸೊಂಟನೋವಿಗೆ ಬೆಲ್ಟ್ ಮತ್ತು ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ನಾನಂತೂ ಕಟ್ಟಿಕೊಂಡು ಬಂದವರ ಬೆಲ್ಟ್ ಬಿಚ್ಚಿಸಿಯೇ ವ್ಯಾಯಾಮ ಶುರುಮಾಡುತ್ತೇನೆ. ಮೆಡಿಕಲ್ ಅಂಗಡಿಯವನು ಕೊಟ್ಟ ಗುಳಿಗೆಯನ್ನು ವಾರಗಟ್ಟಲೆ ನುಂಗಬೇಡಿ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಬಿಪಿ ಇರುವವರು ಡಾಕ್ಟರನ್ನು ಕೇಳದೆ ನೋವಿನ ಗುಳಿಗೆ ಮುಟ್ಟಲೇಬಾರದು. ರೀಲ್ಸ್ ನೋಡಿ ಸೊಂಟ ‘ಟಕ್’ ಅನ್ನಿಸಿಕೊಳ್ಳಲು ಹೋಗುವುದು, ಬೆನ್ನ ಮೇಲೆ ಮಗುವನ್ನು ನಡೆಸುವುದು ಎರಡೂ ಬೇಡ.

ಕೆಲಸಕ್ಕೆ ಮರಳುವಾಗ

ಪೂರ್ತಿ ವಾಸಿಯಾಗಲಿ ಅಂತ ಕಾಯಬೇಡಿ. ಮೊದಲ ವಾರ ಗರ್ದಿ ಕಡಿಮೆ ಇರುವ ಗಾಡಿ ಹಿಡಿಯಿರಿ, ಸ್ಲೋ ಆದರೂ ಪರವಾಗಿಲ್ಲ. ಬ್ಯಾಗನ್ನು ಎದೆಯ ಮುಂದೆ ಹಾಕಿಕೊಳ್ಳಿ. ಫೋರ್ತ್ ಸೀಟ್, ಅಂದರೆ ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಕೂರುವ ಜಾಗ, ಸಿಕ್ಕಿತು ಅಂತ ಖುಷಿಪಡಬೇಡಿ. ಅರ್ಧ ಕುಂಡೆ ಗಾಳಿಯಲ್ಲಿಟ್ಟು, ಒಂದೇ ಕಾಲಿನ ಮೇಲೆ ಭಾರ ಹಾಕಿ ಠಾಣೆಯಿಂದ ದಾದರ್‌ವರೆಗೆ ಕೂರುವುದಕ್ಕಿಂತ ಹಿಡಿಕೆ ಹಿಡಿದು ನಿಂತು ಹೋಗುವುದು ಎಷ್ಟೋ ವಾಸಿ.

ಹೋಟೆಲ್ ಕೆಲಸದವರು ದೊಡ್ಡ ಪಾತ್ರೆಗಳನ್ನು ಇಬ್ಬರು ಸೇರಿ ಎತ್ತಿ. ಬೆಳಗಿನ ಜಾವ ನೀರು ತುಂಬಿಸುವಾಗ ಒಂದು ತುಂಬಿದ ಬಕೆಟ್ ಬದಲು ಎರಡು ಅರ್ಧ ಬಕೆಟ್, ಕೈಗೊಂದೊಂದು. ತುಂಬಿದ ಗ್ಯಾಸ್ ಸಿಲಿಂಡರ್ ಹೆಚ್ಚುಕಡಿಮೆ 30 ಕಿಲೋ ತೂಗುತ್ತದೆ. ತಿಂಗಳೊಪ್ಪತ್ತು ಅದನ್ನು ಎತ್ತುವುದಿರಲಿ, ಓರೆ ಮಾಡಿ ಉರುಳಿಸಲೂ ಹೋಗಬೇಡಿ. ತಂದವನಿಗೇ ಹೇಳಿ ಅಡುಗೆಮನೆಯೊಳಗೆ ಇಡಿಸಿಕೊಳ್ಳಿ.