ಪಾರ್ಕಿನ್ಸನ್ಸ್ ಇದ್ದವರ ಉಸಿರಿನ ಸ್ನಾಯುಗಳಿಗೂ ವ್ಯಾಯಾಮ ಬೇಕು

ನಡುಕ, ನಡಿಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೆಮ್ಮಿನ ಬಲ ಕುಗ್ಗುವುದು ಗೊತ್ತೇ ಆಗುವುದಿಲ್ಲ. ಶ್ವಾಸನಾಳಕ್ಕೆ ಜಾರಿದ ನೀರು, ಆಹಾರವನ್ನು ಕೆಮ್ಮಿ ಹೊರಹಾಕಲಾಗದೆ ನ್ಯುಮೋನಿಯಾ ಆಗುವುದೇ ಈ ಕಾಯಿಲೆಯ ದೊಡ್ಡ ಅಪಾಯ. ದಯವಿಟ್ಟು ಇದನ್ನು ಕಡೆಗಣಿಸಬೇಡಿ.

ಉಸಿರು ಬಿಡುವ ಸ್ನಾಯುಗಳನ್ನು ಬಲಪಡಿಸಲು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಾಧನವಿದೆ. ಒಳಗೆ ಸ್ಪ್ರಿಂಗ್ ವಾಲ್ವ್. ಮೂಗಿಗೆ ಕ್ಲಿಪ್ ಹಾಕಿ, ಪೂರ್ತಿ ಉಸಿರೆಳೆದು, ತುಟಿ ಬಿಗಿಹಿಡಿದು ಜೋರಾಗಿ ಊದಿದರಷ್ಟೇ ಅದು ತೆರೆದುಕೊಳ್ಳುತ್ತದೆ. (ಮೂರು ಚೆಂಡಿನ ಸ್ಪೈರೋಮೀಟರ್ ಉಸಿರೆಳೆಯುವುದಕ್ಕೆ, ಅದು ಬೇರೆ.) ಸಾಮಾನ್ಯ ಕ್ರಮ: 5 ಸಲ ಊದಿದರೆ ಒಂದು ಸುತ್ತು, ದಿನಕ್ಕೆ 5 ಸುತ್ತು, ವಾರಕ್ಕೆ 5 ದಿನ. ನಡುವೆ ಸುಧಾರಿಸಿಕೊಳ್ಳಿ. ಸ್ಪ್ರಿಂಗ್ ಬಿಗಿ ಎಷ್ಟಿರಬೇಕೆಂದು ಸ್ಪೀಚ್ ಥೆರಪಿಸ್ಟ್ ಅಳೆದು ಹೇಳಲಿ. ತೀರಾ ಸಡಿಲವಿದ್ದರೆ ಊದಿಯೂ ಉಪಯೋಗವಿಲ್ಲ.

ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ, ಕುಳಿತೇ ಮಾಡಿಸಿ. ತಲೆ ಸುತ್ತಿದರೆ ನಿಲ್ಲಿಸಿ. ಹತೋಟಿಗೆ ಬಾರದ ಬಿಪಿ, ಹರ್ನಿಯಾ, ಗ್ಲಾಕೋಮಾ ಇದ್ದರೆ ಅಥವಾ ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದ್ದರೆ ಡಾಕ್ಟರನ್ನು ಕೇಳದೆ ಶುರು ಮಾಡಲೇಬೇಡಿ. ಕೆಲವು ವಾರ ಮಾಡಿ ಪೂರ್ತಿ ಬಿಟ್ಟುಬಿಟ್ಟರೆ ಗಳಿಸಿದ ಬಲ ಮತ್ತೆ ಇಳಿಯುತ್ತದೆ; ಮುಂದುವರಿಸುವುದು ಹೇಗೆಂದು ಥೆರಪಿಸ್ಟ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.