ಸಣ್ಣ ಪಟ್ಟಣಕ್ಕೆ ಏಳು ದಿನಗಳ ಹವಾಮಾನ ಮುನ್ಸೂಚನೆ: ನನ್ನ ಅನುಭವ

ಸಾಧಾರಣ ಕಂಪ್ಯೂಟರೊಂದನ್ನು ಇಟ್ಟುಕೊಂಡು ಒಬ್ಬನೇ ಕುಳಿತು ಸಣ್ಣ ಪಟ್ಟಣಕ್ಕೆ ವಾರದ ಮುನ್ಸೂಚನೆ ತಯಾರಿಸುವುದು ಆಗದ ಕೆಲಸವೆಂದು ಈ ವಿದ್ಯೆ ಬಲ್ಲವರೇ ನನಗೆ ಹೇಳಿದ್ದರು. ಮೂರನೆಯ ದಿನದ ಆಚೆಗಿನ ಮಾತು ಬೇಡವೆಂಬುದು ಅವರ ಸಲಹೆ. ವರ್ಷಕ್ಕೂ ಮೀರಿದ ದಾಖಲೆ ಈಗ ಕೈಯಲ್ಲಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಎಲ್ಲರಂತೆ ನಾನೂ ಅಮೆರಿಕದ ಹವಾಮಾನ ಸಂಸ್ಥೆಯ ಜಾಗತಿಕ ಕಂಪ್ಯೂಟರ್ ಮಾದರಿಯಾದ ಜಿಎಫ್‌ಎಸ್‌ನ ಅಕ್ಷಾಂಶ-ರೇಖಾಂಶಗಳ 0.25 ಡಿಗ್ರಿ ಜಾಲದಲ್ಲಿ ಸಮೀಪದ ಬಿಂದುವಿನಿಂದಲೇ ಆರಂಭಿಸಿದೆ. ಸುಮಾರು 28 ಕಿ.ಮೀ. ಅಗಲದ ಆ ಚೌಕದಲ್ಲಿ ಬೆಟ್ಟ, ಕಣಿವೆಗಳೆಲ್ಲ ಸರಾಸರಿಯಲ್ಲಿ ಕರಗಿಹೋಗುವುದರಿಂದ ಮಾದರಿಯ ನೆಲ ನಿಜವಾದ ನೆಲಕ್ಕಿಂತ ಇನ್ನೂರು, ಮುನ್ನೂರು ಮೀಟರ್ ಎತ್ತರದಲ್ಲಿತ್ತು. ಎತ್ತರಕ್ಕೆ ಹೋದಂತೆ ಉಷ್ಣಾಂಶ ಕಿಲೋಮೀಟರಿಗೆ 6.5 ಡಿಗ್ರಿ ಇಳಿಯುತ್ತದೆಂಬ ಸಾಮಾನ್ಯ ಸೂತ್ರದಂತೆ ತಿದ್ದಿದಾಗ ಹಗಲಿನ ಗರಿಷ್ಠ ಉಷ್ಣಾಂಶ ಬಹುಮಟ್ಟಿಗೆ ಸರಿಹೋಯಿತು. ಕನಿಷ್ಠ ಉಷ್ಣಾಂಶ ಮಾತ್ರ ಮೊದಲಿಗಿಂತಲೂ ಕೆಟ್ಟಿತು. ಮೋಡವಾಗಲಿ ಗಾಳಿಯಾಗಲಿ ಇಲ್ಲದ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಇಳಿಜಾರಿನಿಂದ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ, ಎತ್ತರಕ್ಕೆ ಹೋದಷ್ಟೂ ಬೆಚ್ಚಗಿರುತ್ತದೆ. ಅಂಥ ರಾತ್ರಿಗೆ ಈ ಸೂತ್ರವು ತಿದ್ದುವುದೆಲ್ಲ ತಲೆಕೆಳಗು. ಆದ್ದರಿಂದ ಮೋಡ ಮತ್ತು ಗಾಳಿಯ ಮುನ್ಸೂಚನೆಯನ್ನು ನೋಡಿ ರಾತ್ರಿಗಳನ್ನು ವರ್ಗಗಳಾಗಿ ವಿಂಗಡಿಸಿ, ಪ್ರತಿ ವರ್ಗಕ್ಕೂ ಇತ್ತೀಚಿನ ವಾರಗಳಲ್ಲಿ ಮಾದರಿಗೂ ನಿಜವಾದ ಅಳತೆಗೂ ಇದ್ದ ವ್ಯತ್ಯಾಸದಿಂದ ಬೇರೆ ತಿದ್ದುಪಡಿಯನ್ನು ಲೆಕ್ಕ ಹಾಕಿದೆ. ಮೂರು ಡಿಗ್ರಿಯ ಆಸುಪಾಸಿನಲ್ಲಿದ್ದ ಸರಾಸರಿ ವ್ಯತ್ಯಾಸ ಒಂದೂವರೆಗೆ ಇಳಿಯಿತು. ವರ್ಗಗಳ ಗಡಿಗಳನ್ನು ಎಲ್ಲಿ ಎಳೆದಿದ್ದೇನೆಂಬುದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ಅದನ್ನು ಕಂಡುಕೊಳ್ಳಲು ಒಂದು ಇಡೀ ಚಳಿಗಾಲ ಹಿಡಿದಿದೆ.

ಇನ್ನು ಹಣದ ವಿಷಯ. ಆರಂಭದಲ್ಲಿ ಚಂದಾ ತೆತ್ತು ಒಂದು ಸೇವೆಯನ್ನು ತೆಗೆದುಕೊಂಡಿದ್ದೆ. ಅದು ಕೊಡುತ್ತಿದ್ದ ಅಂಕಿಗಳು ಉಚಿತವಾಗಿ ಸಿಗುವ ಜಿಎಫ್‌ಎಸ್‌ಗಿಂತ ಯಾವ ರೀತಿಯಲ್ಲೂ ಮೇಲಾಗಿರಲಿಲ್ಲ, ಬಣ್ಣದ ಚಿತ್ರಗಳಷ್ಟೇ ಹೆಚ್ಚು. ಅವಧಿ ಮುಗಿದ ಮೇಲೆ ಆ ಹಣವನ್ನೆಲ್ಲ ಉಪಕರಣಗಳಿಗೆ ಹಾಕಿದೆ. ಅಗ್ಗದ ಪ್ಲಾಸ್ಟಿಕ್ ಬಿಸಿಲುಮರೆಯೊಳಗಿನ ಸೆನ್ಸರ್ ಗಾಳಿಯಿಲ್ಲದ ಮಧ್ಯಾಹ್ನದಲ್ಲಿ ಎರಡು ಡಿಗ್ರಿಯಷ್ಟು ಹೆಚ್ಚಿಗೆ ತೋರಿಸುತ್ತದೆ. ಆ ಅಂಕಿಯನ್ನು ನಂಬಿ ಮಾದರಿಯನ್ನು ತಿದ್ದಹೊರಟರೆ ಸರಿಯಿದ್ದ ಮಾದರಿಯೂ ಕೆಡುತ್ತದೆ. ಫ್ಯಾನ್ ಅಳವಡಿಸಿದ ಬಿಸಿಲುಮರೆಗೆ ಉಳಿದೆಲ್ಲ ಸಾಮಾನುಗಳ ಒಟ್ಟು ಬೆಲೆಗಿಂತ ಹೆಚ್ಚು ಖರ್ಚಾಯಿತು, ಆದರೆ ಹಣ ಕಡಿಮೆಯಿದ್ದವರೂ ಮೊದಲು ಕೊಳ್ಳಬೇಕಾದದ್ದು ಅದನ್ನೇ. ಹಾಗೆಯೇ, 0.2 ಮಿ.ಮೀ. ಮಳೆಗೆ ಒಮ್ಮೆ ಒಳಗಿನ ಪುಟ್ಟ ಬಟ್ಟಲು ಮಗುಚಿ ಎಣಿಸುವ ಮಳೆಮಾಪಕವು ಬಿರುಮಳೆಯಲ್ಲಿ ಕಡಿಮೆ ಎಣಿಸುತ್ತದೆಯಾದ್ದರಿಂದ, ಪಕ್ಕದಲ್ಲಿ ಕೈಯಿಂದ ಅಳೆಯುವ ಸಾದಾ ಮಾಪಕವೊಂದು ಇರಲೇಬೇಕು.

ನಿಜವಾಗಿ ಕಾಡಿದ್ದು ಮಳೆ. ಇಂಥ ಮಾದರಿಗಳು ಸಣ್ಣ ಹನಿಗಳನ್ನು ಬೇಕಾದಷ್ಟು ದಿನಗಳಿಗೆ ಹಂಚಿಬಿಡುತ್ತವೆ. ನಾಲ್ಕನೆಯ ದಿನದಿಂದಾಚೆಗೆ ನಾನು ಒಂದೇ ಉತ್ತರವನ್ನು ಹೇಳುವುದನ್ನು ನಿಲ್ಲಿಸಿ, ಐರೋಪ್ಯ ಹವಾಮಾನ ಮುನ್ಸೂಚನಾ ಕೇಂದ್ರದ (ಇಸಿಎಂಡಬ್ಲ್ಯುಎಫ್) 51 ಸದಸ್ಯರ ಎನ್ಸೆಂಬಲ್‌ನಲ್ಲಿ, ಅಂದರೆ ಆರಂಭದ ಸ್ಥಿತಿಯನ್ನು ತುಸು ತುಸು ಬದಲಿಸಿ ಒಂದೇ ಮಾದರಿಯಿಂದ ತೆಗೆದ 51 ಮುನ್ಸೂಚನೆಗಳ ಗುಂಪಿನಲ್ಲಿ, ಎಷ್ಟು ಸದಸ್ಯರು 1 ಮಿ.ಮೀ. ದಾಟುತ್ತಾರೆಂದು ಎಣಿಸತೊಡಗಿದೆ. ಆ ಎಣಿಕೆಯನ್ನು ಹಾಗೆಯೇ ಪ್ರಕಟಿಸಬಾರದು, ಅದರ ಆತ್ಮವಿಶ್ವಾಸ ಅತಿ. ಹೇಳಿದ ಸಂಭವಕ್ಕೂ ನಿಜವಾಗಿ ಆದದ್ದಕ್ಕೂ ಇರುವ ಅಂತರವನ್ನು ಅಳೆಯುವ ಬ್ರಯರ್ ಅಂಕವನ್ನು ನೋಡಿಕೊಳ್ಳುತ್ತ ಅದನ್ನು ಆಯಾ ತಿಂಗಳ ದೀರ್ಘಾವಧಿ ಸರಾಸರಿಯ ಕಡೆಗೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು, ಏಳನೆಯ ದಿನಕ್ಕೆ ಅರ್ಧಕ್ಕೂ ಹೆಚ್ಚು. ಈಗ ನಾನು ಶೇಕಡಾ 70 ಎಂದ ದಿನಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಪಾಲು ಮಳೆಯಾಗುತ್ತದೆ. ಆಗದ ಕೆಲಸವೆಂದು ಹೇಳಿದ್ದವರಲ್ಲಿ ಇಬ್ಬರು ಈಗ ತಮ್ಮ ಕೆಲಸಕ್ಕೂ ಇದನ್ನೇ ನೋಡುತ್ತಾರೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಹಳೆಯ ಮೊಬೈಲುಗಳ ವಾಯುಭಾರ ಸೆನ್ಸರುಗಳನ್ನು ಊರಿನ ನಾಲ್ಕು ಮೂಲೆಗಳಲ್ಲಿ ಇಟ್ಟೆ. ಗುಡುಗುಮಳೆ ಬರುವ ಮುನ್ನ ಒತ್ತಡದ ಜಿಗಿತ ಚೆನ್ನಾಗಿ ಕಂಡರೂ, ವಾರದ ಮುನ್ಸೂಚನೆಗೆ ಅದರಿಂದ ಏನೂ ಸಿಗಲಿಲ್ಲ. ಹಳೆಯ ಹವಾಮಾನವನ್ನು ಮಾದರಿಯ ಮೂಲಕ ಮರುಲೆಕ್ಕ ಹಾಕಿದ, 1940ರಿಂದ ಲಭ್ಯವಿರುವ ಇಆರ್‌ಎ5 ದತ್ತಾಂಶದಲ್ಲಿ ಇಂದಿನಂತೆಯೇ ಇದ್ದ ಹಳೆಯ ದಿನಗಳನ್ನು ಹುಡುಕುವ ಪ್ರಯೋಗ ಮೊದಲ ನಾಲ್ಕು ದಿನಗಳಿಗೆ ಪೂರ್ತಿ ವಿಫಲವಾಯಿತು, ಆರು ಮತ್ತು ಏಳನೆಯ ದಿನಗಳಿಗೆ ಅಲ್ಪ ಸಹಾಯ ಮಾಡಿತು. ಎಷ್ಟು ತೂಕ ಕೊಡುತ್ತೇನೆಂಬುದೂ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಜಿಎಫ್‌ಎಸ್ ದಿನಕ್ಕೆ ನಾಲ್ಕು ಬಾರಿ ಬರುತ್ತದೆಂದು ನಾಲ್ಕೂ ಬಾರಿ ಮುನ್ಸೂಚನೆಯನ್ನು ಬದಲಿಸುವವರಿದ್ದಾರೆ. ಐದನೆಯ ದಿನದ ನಂತರದ ಬದಲಾವಣೆಯನ್ನು ಸತತ ಎರಡು ರನ್‌ಗಳು (ಮಾದರಿಯ ಹೊಸ ಲೆಕ್ಕಗಳು) ಒಪ್ಪುವವರೆಗೆ ನಾನು ಹೊರಗೆ ಬಿಡುವುದಿಲ್ಲ, ಓದುವವರಿಂದ ಬರುತ್ತಿದ್ದ ದೂರುಗಳಲ್ಲಿ ಹೆಚ್ಚಿನವು ಅದರಿಂದಲೇ ನಿಂತವು. ಬಿರುಗಾಳಿಯ ವೇಗಕ್ಕೆ ಮಾತ್ರ ಇನ್ನೂ ನೆಚ್ಚಬಹುದಾದ ತಿದ್ದುಪಡಿ ಸಿಕ್ಕಿಲ್ಲವಾದ್ದರಿಂದ ಅದನ್ನು ಮೊದಲ ಎರಡು ದಿನಗಳಿಗಷ್ಟೇ ಕೊಡುತ್ತಿದ್ದೇನೆ.