ಮಳೆ ಪುಸ್ತಕದ ಅಂಚಿನಲ್ಲಿ ನನ್ನ ಅಂದಾಜುಗಳು

ಕೊಡಗಿನ ತೋಟದ ಮನೆಗಳಲ್ಲಿ ಮಳೆ ಬರೆದಿಡುವುದು ಹಳೇ ರೂಢಿ. ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ, ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಅಂತ ಬರೆಯುತ್ತೇವೆ. ಮಳೆಯ ವಿಷಯದಲ್ಲಿ ಯಾರೂ ನೆನಪನ್ನು ನಂಬುವುದಿಲ್ಲ, ಪುಸ್ತಕ ತೆಗಿ ಅಂತಾರೆ. ನಮ್ಮ ತೀರ್ಮಾನಗಳಿಗೆ ಮಾತ್ರ ಅಂಥ ಪುಸ್ತಕ ಇಲ್ಲ. ನಾನು ಇಟ್ಟುಕೊಂಡದ್ದು ಮೆಣಸಿನಲ್ಲಿ ಪೆಟ್ಟು ತಿಂದ ಮೇಲೆ.

2016ರಲ್ಲಿ ಕಾಳುಮೆಣಸನ್ನು ಕಿಲೋಗೆ 680 ರೂಪಾಯಿಗೆ ಮಾರಿದ್ದೆ. ಆ ರೇಟು ತಲೆಯಲ್ಲಿ ಕೂತುಬಿಟ್ಟಿತು. ಮರುವರ್ಷ ವ್ಯಾಪಾರಿ 600 ಅಂದಾಗ ನನಗೆ ಕಂಡದ್ದು 80 ರೂಪಾಯಿ ನಷ್ಟ. ಹನ್ನೆರಡು ಚೀಲ ಹಾಗೇ ಇಟ್ಟೆ. 500 ಆಯಿತು, 400 ಆಯಿತು. ಇಳಿದಷ್ಟೂ ಕೊಡಲು ಮನಸ್ಸು ಬರಲಿಲ್ಲ. ಅತ್ತ ಬ್ಯಾಂಕಿಗೆ ಬಡ್ಡಿ ಕಟ್ಟುತ್ತಲೇ ಇದ್ದೆ.

2019ರಲ್ಲಿ ಒಂದು ಸಂಜೆ ಹೆಂಡತಿ ಕೇಳಿದಳು: "ರೀ, ಮೆಣಸು ಇಲ್ವೇ ಇಲ್ಲ, ಅದರ ದುಡ್ಡು ಕೈಯಲ್ಲಿದೆ ಅಂದ್ಕೊಳ್ಳಿ. ಇವತ್ತಿನ ರೇಟಿಗೆ ಹನ್ನೆರಡು ಚೀಲ ಕೊಂಡು ತಂದು ಇಡ್ತೀರಾ?"

ಇಲ್ಲ ಅಂದೆ. ಸಾಲ ಇರುವಾಗ ಯಾರು ಕೊಳ್ತಾರೆ? ಮಾರನೇ ದಿನ 340ಕ್ಕೆ ಕೊಟ್ಟು ಬಂದೆ.

ಆಮೇಲೆ ಈ ಬಗ್ಗೆ ಓದಿದೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್, ಅಮೋಸ್ ಟ್ವೆರ್ಸ್ಕಿ 1974ರಲ್ಲಿ ಬರೆದ ಒಂದು ಪ್ರಯೋಗ ಮನಸ್ಸಿಗೆ ನಾಟಿತು. ಒಂದು ಚಕ್ರ ತಿರುಗಿಸುತ್ತಾರೆ. ಅದು 10 ಅಥವಾ 65ಕ್ಕೇ ನಿಲ್ಲುವ ಹಾಗೆ ಮಾಡಿಟ್ಟಿರುತ್ತಾರೆ. ಆಮೇಲೆ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಅಂತ ಕೇಳುತ್ತಾರೆ. 10 ಕಂಡವರ ಅಂದಾಜು 25ರ ಸುತ್ತ, 65 ಕಂಡವರದ್ದು 45ರ ಸುತ್ತ. ಚಕ್ರಕ್ಕೂ ಉತ್ತರಕ್ಕೂ ಏನೂ ಸಂಬಂಧ ಇಲ್ಲ, ಆದರೂ ಮನಸ್ಸು ಕಂಡ ಸಂಖ್ಯೆಗೇ ಜೋತುಬೀಳುತ್ತದೆ. ನನ್ನ 680 ಹಾಗೆಯೇ ಅಲ್ವಾ?

ಅಂದಿನಿಂದ ಮಳೆ ಪುಸ್ತಕದ ಅಂಚಿನಲ್ಲೇ ನನ್ನ ಅಂದಾಜು ಬರೆಯುತ್ತೇನೆ. ಏನು ಆಗುತ್ತೆ, ಹತ್ತರಲ್ಲಿ ಎಷ್ಟು ಪಾಲು ಖಚಿತ, ಯಾಕೆ. ಕಾಫಿ ಫಸಲಿನ ಅಂದಾಜನ್ನು ಈಗ ನಾನು ಬಾಯಿಬಿಟ್ಟು ಹೇಳುವುದಿಲ್ಲ. ನಾನು "300 ಚೀಲ" ಅಂದರೆ ಮೇಸ್ತ್ರಿ "ಹೌದು ಸಾರ್, ಅಷ್ಟಾಗಬಹುದು" ಅಂತಾನೆ. ಈಗ ನಾನು, ಹೆಂಡತಿ, ಮೇಸ್ತ್ರಿ ಬೇರೆ ಬೇರೆಯಾಗಿ ತೋಟ ಸುತ್ತಿ, ಚೀಟಿಯಲ್ಲಿ ಬರೆದು, ಆಮೇಲೆ ಒಟ್ಟಿಗೆ ಬಿಚ್ಚುತ್ತೇವೆ. ಮೂರೂ ಬೇರೆ ಬಂದರೆ ಇನ್ನೂ ಒಳ್ಳೇದು. ಯಾವ ಬ್ಲಾಕಿನಲ್ಲಿ ಕಾಯಿ ಉದುರಿದೆ ಅಂತ ಆಗಲೇ ಮಾತು ಶುರುವಾಗುವುದು.

ಕೊಡಗಿನಲ್ಲಿ ಗುಡ್ಡ ಕುಸಿದ 2018ರ ಆಗಸ್ಟ್ ನೋಡಿದವರಿಗೆ ಪ್ರತಿ ಜೋರು ಮಳೆಯೂ ಅದೇ ಮಳೆ ಅನ್ನಿಸುತ್ತೆ. ಇಂಚು ಹೋಲಿಸಿ ನೋಡಿದರೆ ಮನಸ್ಸು ಸ್ವಲ್ಪ ತಿಳಿಯಾಗುತ್ತದೆ. ಆದರೆ ಬರೆಯಲ್ಲಿ, ಅಂದರೆ ಗುಡ್ಡದ ಇಳಿಜಾರಿನಲ್ಲಿ, ಬಿರುಕು ಕಂಡರೆ ಪುಸ್ತಕ ನೋಡುತ್ತಾ ಕೂರಬಾರದು, ಮನೆ ಬಿಟ್ಟು ಹೊರಡಬೇಕು.

2024ರಲ್ಲಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 50 ಕಿಲೋ ಚೀಲಕ್ಕೆ 10,000 ರೂಪಾಯಿ ದಾಟಿತು. ಪಕ್ಕದ ತೋಟದವರ ಹತ್ತಿರ "ಏರುತ್ತೆ ಅಂತ ನಂಗೆ ಮೊದಲೇ ಗೊತ್ತಿತ್ತು" ಅಂದೆ. ಸುಳ್ಳು ಹೇಳಲಿಲ್ಲ, ಹಾಗೇ ನೆನಪಿತ್ತು. ಮನೆಗೆ ಬಂದು 2023ರ ಡಿಸೆಂಬರ್ ಪುಟ ತೆಗೆದೆ. ಮಳೆ 12 ಸೆಂಟ್. ಅಂಚಿನಲ್ಲಿ ನನ್ನದೇ ಕೈಬರಹ: "ರೇಟು ಇನ್ನು ಜಾಸ್ತಿ ಏರಲ್ಲ. ಹತ್ತರಲ್ಲಿ ಎಂಟು ಪಾಲು ಖಚಿತ." ಮರುದಿನ ಬೆಳಿಗ್ಗೆ ಪುಸ್ತಕ ತಗೊಂಡು ಹೋಗಿ ಅವರಿಗೆ ಆ ಪುಟ ತೋರಿಸಿದೆ.